ಮೋಟಾರ್ ಸೈಕಲ್ಲಿಗೆ ಹೆಚ್ಚಿನ ದೀಪ: ತೋಟಿಗರು ತಿಳಿದಿರಬೇಕಾದ ವಿದ್ಯುತ್ ಲೆಕ್ಕ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟಗಳು ಬಹುಮಟ್ಟಿಗೆ ಬೆಟ್ಟಗಳ ನಡುವಿನ ಕಣಿವೆಗಳಲ್ಲಿವೆ. ತೋಟದ ತಲೆಯಲ್ಲಿ ಮನೆ, ಮನೆಯ ಮೇಲೆ ಸೊಪ್ಪಿನ ಬೆಟ್ಟ, ಮುಂದೆ ಹಳ್ಳ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಡು. ಡಾಂಬರು ರಸ್ತೆ ಸೇರಲು ಕೆಲವೆಡೆ ಮೈಲುಗಟ್ಟಲೆ ಮಣ್ಣುದಾರಿ. ಇಂಥ ಮನೆಗಳಲ್ಲಿ ಮೋಟಾರ್ ಸೈಕಲ್ ಸವಾರಿಯ ಸಾಧನ ಮಾತ್ರವಲ್ಲ. ಹಾಲಿನ ಕ್ಯಾನು, ಹಿಂಡಿಯ ಚೀಲ, ಸುಣ್ಣ ಮತ್ತು ಮೈಲುತುತ್ತ ಎಲ್ಲವನ್ನೂ ಅದೇ ಹೊರುತ್ತದೆ. ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ ಆಸ್ಪತ್ರೆಗೆ ಒಯ್ಯುವುದೂ ಅದೇ.

ಜೋಗದ ವಿದ್ಯುದಾಗಾರ ಸಿದ್ದಾಪುರದ ಮಗ್ಗುಲಲ್ಲಿದೆ. ಕಾಳಿ ನದಿಯ ಕೊಡಸಳ್ಳಿ ಅಣೆಕಟ್ಟು ಯಲ್ಲಾಪುರ ತಾಲ್ಲೂಕಿನಲ್ಲಿಯೇ ಇದೆ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಳಿಗೆ ತಂತಿಯ ಮೇಲೆ ಮರ ಬಿದ್ದರೆ ಒಳಭಾಗದ ಮನೆಗಳು ಕತ್ತಲಲ್ಲಿ ಉಳಿಯುತ್ತವೆ. ಆಗ ಎಲ್ಲರ ಕಣ್ಣು ಅಂಗಳದಲ್ಲಿ ನಿಂತ ಬೈಕಿನ ಮೇಲೆ ಬೀಳುತ್ತದೆ. ಅದರಿಂದ ಇನ್ನೆರಡು ದೀಪ ಉರಿಸಬಾರದೇಕೆ? ಘಟ್ಟದ ಮಂಜಿನಲ್ಲಿ ದಾರಿ ಕಾಣಲು ಒಂದು, ಕೊಟ್ಟಿಗೆಯಲ್ಲಿ ದನ ಕರು ಹಾಕುವಾಗ ಒಂದು.

ಉರಿಸಬಹುದು. ಆದರೆ ಲೆಕ್ಕವಿಲ್ಲದೆ ಉರಿಸಿದರೆ ಬೆಳಕು ಸಿಕ್ಕ ರಾತ್ರಿಯೇ ಬೈಕು ನಿಂತುಹೋಗಬಹುದು. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸುವ ರೈತರು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ತೂಗಿಯೇ ಹಾಕುತ್ತಾರೆ, ಕಣ್ಣಂದಾಜಿಗೆ ಬಿಡುವುದಿಲ್ಲ. ಬೈಕಿನ ವಿದ್ಯುತ್ತಿಗೂ ಅದೇ ಶಿಸ್ತು ಬೇಕು. ಆ ಲೆಕ್ಕವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಬೈಕಿನಲ್ಲಿ ವಿದ್ಯುತ್ ಹುಟ್ಟುವ ಬಗೆ

ಎಂಜಿನ್ನಿನ ಪಕ್ಕದ ಮುಚ್ಚಳದೊಳಗೆ ಆಯಸ್ಕಾಂತ ಅಳವಡಿಸಿದ ಒಂದು ಚಕ್ರ ತಿರುಗುತ್ತದೆ. ಅದರ ನಡುವೆ ತಾಮ್ರದ ತಂತಿ ಸುತ್ತಿದ ಕಾಯಿಲ್‌ಗಳು ಅಲುಗಾಡದೆ ಕುಳಿತಿರುತ್ತವೆ. ಆಯಸ್ಕಾಂತ ಸುತ್ತಿದಂತೆ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ಮ್ಯಾಗ್ನೆಟ್ ಎಂದೂ ಮ್ಯಾಗ್ನೆಟ್ ಕಾಯಿಲ್ ಎಂದೂ ಹೆಸರು. ಇಲ್ಲಿ ಹುಟ್ಟುವುದು ಎಸಿ ವಿದ್ಯುತ್. ಬ್ಯಾಟರಿಗೆ ಬೇಕಾದುದು ಡಿಸಿ. ಎಸಿಯನ್ನು ಡಿಸಿಗೆ ತಿರುಗಿಸುವ, ಜೊತೆಗೆ ಅದರ ಒತ್ತಡವನ್ನು ಸುಮಾರು 14 ರಿಂದ 14.5 ವೋಲ್ಟಿನೊಳಗೆ ಹಿಡಿದಿಡುವ ಭಾಗವೇ ರೆಗ್ಯುಲೇಟರ್-ರೆಕ್ಟಿಫೈಯರ್. ಮೆಕ್ಯಾನಿಕ್‌ಗಳು ಇದನ್ನು ಆರ್‌ಆರ್ ಯೂನಿಟ್ ಎನ್ನುತ್ತಾರೆ.

ಇದನ್ನು ಮಲೆನಾಡಿನ ಮನೆಯ ನೀರಿನ ವ್ಯವಸ್ಥೆಗೆ ಹೋಲಿಸಬಹುದು. ಬೆಟ್ಟದ ಅಬ್ಬಿಯಿಂದ ದಬ್ಬೆಯ ಮೂಲಕ ನೀರು ಬಂದು ತೊಟ್ಟಿಗೆ ಬೀಳುತ್ತದೆ. ತೊಟ್ಟಿಯಿಂದ ಕೊಟ್ಟಿಗೆಗೆ, ಬಚ್ಚಲಿಗೆ ನೀರು ಹೋಗುತ್ತದೆ. ತೊಟ್ಟಿ ತುಂಬಿದ ಮೇಲೆ ಹೆಚ್ಚಾದ ನೀರು ಕೋಡಿ ಬಿದ್ದು ಹಳ್ಳ ಸೇರುತ್ತದೆ. ಮ್ಯಾಗ್ನೆಟ್ ಎಂದರೆ ಅಬ್ಬಿ, ಬ್ಯಾಟರಿ ಎಂದರೆ ತೊಟ್ಟಿ, ಆರ್‌ಆರ್ ಯೂನಿಟ್ ಎಂದರೆ ಕೋಡಿ. ದೀಪ, ಹಾರ್ನ್, ಸೆಲ್ಫ್ ಸ್ಟಾರ್ಟ್ ಇವೆಲ್ಲ ತೊಟ್ಟಿಗೆ ಹಾಕಿದ ನಲ್ಲಿಗಳು.

ಈ ಹೋಲಿಕೆಯಿಂದ ಮೂರು ಸಂಗತಿ ಸ್ಪಷ್ಟವಾಗುತ್ತವೆ. ಒಂದು, ಕೋಡಿಯಲ್ಲಿ ಪೋಲಾಗುವಷ್ಟು ನೀರನ್ನು ಹೊಸ ನಲ್ಲಿಗೆ ತಿರುಗಿಸಿದರೆ ಯಾರಿಗೂ ನಷ್ಟವಿಲ್ಲ. ಎರಡು, ಅಬ್ಬಿಯಿಂದ ಬರುವುದಕ್ಕಿಂತ ಹೆಚ್ಚು ಬಿಟ್ಟರೆ ತೊಟ್ಟಿ ಬರಿದಾಗುತ್ತದೆ. ಮೂರು, ತೊಟ್ಟಿಯನ್ನು ದೊಡ್ಡದು ಮಾಡಿದರೆ ಅಬ್ಬಿಯ ನೀರು ಹೆಚ್ಚುವುದಿಲ್ಲ. ದೊಡ್ಡ ಬ್ಯಾಟರಿ ಹಾಕಿಬಿಟ್ಟರೆ ಎಷ್ಟು ದೀಪವನ್ನಾದರೂ ಉರಿಸಬಹುದು ಎಂಬ ನಂಬಿಕೆ ತಪ್ಪು. ಅದು ಬರಿದಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಮತ್ತೆ ತುಂಬಲೂ ಅಷ್ಟೇ ಹೆಚ್ಚು ಹೊತ್ತು ಬೇಕು.

6 ವೋಲ್ಟಿನಿಂದ 12 ವೋಲ್ಟಿಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಮಲೆನಾಡಿನ ಹಿರಿಯರು ಬಲ್ಲರು. ಅವುಗಳಲ್ಲಿ ಹಳೆಯವು 6 ವೋಲ್ಟಿನವು. ರಾತ್ರಿ ಎಂಜಿನ್ ನಿಧಾನವಾದರೆ ದೀಪ ಕೆಂಡದಂತೆ ಕೆಂಪಾಗುತ್ತಿದ್ದುದು ಅನೇಕರ ನೆನಪಿನಲ್ಲಿರಬಹುದು.

ಇದಕ್ಕೆ ಕಾರಣ ಸುಲಭದ ಲೆಕ್ಕದಲ್ಲಿದೆ. ವ್ಯಾಟ್ ಎಂದರೆ ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಾಕಾರ. 35 ವ್ಯಾಟಿನ ದೀಪಕ್ಕೆ 6 ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಬೇಕು, 12 ವೋಲ್ಟಿನಲ್ಲಿ 2.9 ಆಂಪಿಯರ್ ಸಾಕು. ಆಂಪಿಯರ್ ಹೆಚ್ಚಿದಷ್ಟೂ ತಂತಿಯಲ್ಲಿ, ಜೋಡಣೆಗಳಲ್ಲಿ ಶಕ್ತಿ ಶಾಖವಾಗಿ ಪೋಲಾಗುತ್ತದೆ. ಈಗಿನ ಬೈಕುಗಳೆಲ್ಲ 12 ವೋಲ್ಟಿನವಾದ್ದರಿಂದ ಆ ತೊಂದರೆ ಕಡಿಮೆಯಾಗಿದೆ. ಹಳೆಯ 6 ವೋಲ್ಟಿನ ಬೈಕನ್ನು ಇಂದಿಗೂ ಇಟ್ಟುಕೊಂಡವರು ಪೇಟೆಯಲ್ಲಿ ಸಿಗುವ 12 ವೋಲ್ಟಿನ ಎಲ್‌ಇಡಿ ದೀಪವನ್ನು ಅದಕ್ಕೆ ಜೋಡಿಸಬಾರದು.

ಜಮಾ-ಖರ್ಚಿನ ಲೆಕ್ಕ

ಮ್ಯಾಗ್ನೆಟ್ಟಿನ ಉತ್ಪತ್ತಿ ಎಂಜಿನ್ನಿನ ವೇಗವನ್ನು ಅವಲಂಬಿಸಿರುತ್ತದೆ. ಬೈಕಿನ ಕೈಪಿಡಿಯಲ್ಲಿ ಕೊಟ್ಟಿರುವ ವ್ಯಾಟ್ ಹೆಚ್ಚಾಗಿ ನಿಮಿಷಕ್ಕೆ 5000 ಸುತ್ತಿನಂಥ ಮೇಲ್ವೇಗದ್ದು. ನಿಂತಲ್ಲಿ ಎಂಜಿನ್ ಗುನುಗುವಾಗ ಅಷ್ಟು ಹುಟ್ಟುವುದಿಲ್ಲ.

ಲೆಕ್ಕ ತೋರಿಸಲು ಒಂದು ಸಣ್ಣ ಬೈಕನ್ನು ತೆಗೆದುಕೊಳ್ಳೋಣ. ಅದರ ಮ್ಯಾಗ್ನೆಟ್ 5000 ಸುತ್ತಿನಲ್ಲಿ 100 ವ್ಯಾಟ್, ಮಣ್ಣುದಾರಿಯ 3000 ಸುತ್ತಿನಲ್ಲಿ 75 ವ್ಯಾಟ್, ಗುನುಗುವಾಗ 35 ವ್ಯಾಟ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಬ್ಯಾಟರಿ 5 ಆಂಪಿಯರ್-ಗಂಟೆಯದು. ಪ್ರತಿಯೊಬ್ಬರೂ ತಮ್ಮ ಬೈಕಿನ ಅಂಕಿಗಳನ್ನು ಕೈಪಿಡಿಯಿಂದಲೋ ಸರ್ವಿಸ್ ಕೇಂದ್ರದಿಂದಲೋ ಪಡೆದು ಇದೇ ಕ್ರಮದಲ್ಲಿ ಬರೆದುಕೊಳ್ಳಬೇಕು.

ರಾತ್ರಿಯ ಖಾಯಂ ಖರ್ಚು ಹೀಗಿದೆ:

ಮುಂದಿನ ದೀಪ: 35 ವ್ಯಾಟ್
ಹಿಂದಿನ ದೀಪ: 5 ವ್ಯಾಟ್
ಮೀಟರಿನ ದೀಪಗಳು: 4 ವ್ಯಾಟ್
ಇಗ್ನಿಷನ್: 8 ವ್ಯಾಟ್
ಒಟ್ಟು: 52 ವ್ಯಾಟ್

3000 ಸುತ್ತಿನಲ್ಲಿ ಬರುವ 75 ವ್ಯಾಟಿನಲ್ಲಿ 52 ಕಳೆದರೆ 23 ವ್ಯಾಟ್ ಉಳಿಯುತ್ತದೆ. ಬ್ರೇಕ್ ದೀಪ, ಇಂಡಿಕೇಟರ್, ಹಾರ್ನ್ ಮತ್ತು ಸ್ಟಾರ್ಟ್ ಮಾಡುವಾಗ ಖರ್ಚಾದುದನ್ನು ಬ್ಯಾಟರಿಗೆ ಹಿಂದಿರುಗಿಸಲು 8 ವ್ಯಾಟ್ ಮೀಸಲಿಡಬೇಕು. ಹೊಸ ದೀಪಕ್ಕೆ ಸಿಗುವುದು 15 ವ್ಯಾಟ್ ಮಾತ್ರ. ಅಂದರೆ 7 ವ್ಯಾಟಿನ ಎರಡು ಎಲ್‌ಇಡಿ ದೀಪ, ಇಲ್ಲವೆ 15 ವ್ಯಾಟಿನ ಒಂದು.

ಈಗ ಇದೇ ಬೈಕಿಗೆ ಕಾರಿನ 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪ ಹಾಕಿದರೆ ಏನಾಗುತ್ತದೆ ನೋಡಿರಿ. ಹೊಸ ಖರ್ಚು 110 ವ್ಯಾಟ್. ಉಳಿತಾಯ 23 ಮಾತ್ರ. ಕೊರತೆಯ 87 ವ್ಯಾಟನ್ನು ಬ್ಯಾಟರಿಯೇ ತುಂಬಬೇಕು. ಅದು 7 ಆಂಪಿಯರಿಗೂ ಮಿಕ್ಕಿದ ಎಳೆತ. 5 ಆಂಪಿಯರ್-ಗಂಟೆಯ ಬ್ಯಾಟರಿ 20 ನಿಮಿಷದಲ್ಲಿ ಅರ್ಧ ಬರಿದು. ಶಿರಸಿಯಿಂದ ಕುಮಟೆಗೆ ಹೊರಟವರಿಗೆ ದೇವಿಮನೆ ಘಟ್ಟ ಮುಗಿಯುವ ಮೊದಲೇ ದೀಪ ಮಂಕಾಗುತ್ತದೆ.

ಬೈಕು ನಿಂತು ಗುನುಗುವಾಗಿನ ಸ್ಥಿತಿಯನ್ನೂ ನೋಡಬೇಕು. ಬರುವುದು 35, ಖಾಯಂ ಖರ್ಚು 52. ಹೊಸ ದೀಪವಿಲ್ಲದೆಯೇ 17 ವ್ಯಾಟ್ ಕೊರತೆ. 15 ವ್ಯಾಟಿನ ಹೊಸ ದೀಪವೂ ಸೇರಿದರೆ 32 ವ್ಯಾಟ್, ಅಂದರೆ ಸುಮಾರು 2.7 ಆಂಪಿಯರ್ ಬ್ಯಾಟರಿಯಿಂದ ಹೋಗುತ್ತದೆ. ಒಂದು ಗಂಟೆಯೊಳಗೆ ಅದು ಅರ್ಧಕ್ಕೆ ಇಳಿಯುತ್ತದೆ. ಎಂಜಿನ್ ಚಾಲೂ ಇದೆ, ಆದ್ದರಿಂದ ಬ್ಯಾಟರಿ ಚಾರ್ಜ್ ಆಗುತ್ತಲೇ ಇದೆ ಎಂಬುದು ಎಲ್ಲ ವೇಳೆಯೂ ನಿಜವಲ್ಲ.

ಹೀಗೆ ಖರ್ಚಾದ 2.5 ಆಂಪಿಯರ್-ಗಂಟೆಯನ್ನು ಮರಳಿ ತುಂಬಲು, ಹೊಸ ದೀಪ ಆರಿಸಿ 3000 ಸುತ್ತಿನಲ್ಲಿ ಓಡಿಸಿದರೂ, ನಷ್ಟವೂ ಸೇರಿ ಸುಮಾರು 2 ಗಂಟೆ ಬೇಕು. ಹಾಲಿನ ಡೇರಿಗೆ ದಿನಕ್ಕೆ ಅರ್ಧ ತಾಸು ಓಡುವ ಬೈಕಿಗೆ ಇದು ನಾಲ್ಕು ದಿನದ ದುಡಿಮೆ. ಹೊಸ ದೀಪ ಉರಿಸುತ್ತಲೇ ಓಡಿಸಿದರೆ ಉಳಿಯುವುದು 8 ವ್ಯಾಟ್ ಮಾತ್ರವಾದ್ದರಿಂದ 5 ಗಂಟೆಯಷ್ಟು ಹಿಡಿಯುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರೆಬರಿದಾಗಿ ದಿನಗಟ್ಟಲೆ ಇಟ್ಟರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬೇಗ ಸಾಯುತ್ತದೆ.

ಬೈಕಿನ ಬಗೆಯನ್ನು ಗುರುತಿಸುವುದು

ಹಳೆಯ ಸಣ್ಣ ಬೈಕುಗಳಲ್ಲಿ ಅನೇಕಕ್ಕೆ ಮುಂದಿನ ದೀಪ ಬ್ಯಾಟರಿಯಿಂದ ಉರಿಯುವುದಿಲ್ಲ. ಮ್ಯಾಗ್ನೆಟ್ಟಿನ ಎಸಿ ವಿದ್ಯುತ್ತಿನಿಂದಲೇ ನೇರ ಉರಿಯುತ್ತದೆ. ಗುರುತಿಸುವ ಬಗೆ ಸುಲಭ. ಎಂಜಿನ್ ನಿಲ್ಲಿಸಿ ಕೀಲಿ ಮಾತ್ರ ತಿರುಗಿಸಿ ದೀಪದ ಸ್ವಿಚ್ ಒತ್ತಬೇಕು. ಮುಂದಿನ ದೀಪ ಉರಿಯದೆ, ಎಂಜಿನ್ ಚಾಲೂ ಮಾಡಿದ ಮೇಲೆ ಉರಿದು ಅದರ ವೇಗಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾದರೆ ಅದು ಎಸಿ ದೀಪವೆಂದು ತಿಳಿಯಬಹುದು.

ಇಂಥ ಬೈಕಿನಲ್ಲಿ ಮ್ಯಾಗ್ನೆಟ್ಟಿನ ಒಟ್ಟು ವ್ಯಾಟ್ ನೋಡಿ ಮೋಸಹೋಗಬಾರದು. ಬ್ಯಾಟರಿಯ ಪಾಲಿಗೆ ಬರುವುದು ಅದರಲ್ಲಿ ಸಣ್ಣ ಭಾಗ. ಹಾರ್ನ್, ಇಂಡಿಕೇಟರ್, ಬ್ರೇಕ್ ದೀಪಗಳಿಗೆ ಸಾಲುವಷ್ಟೇ ಅದನ್ನು ಇಟ್ಟಿರುತ್ತಾರೆ. ಎಲ್‌ಇಡಿ ದೀಪವನ್ನು ಎಸಿ ತಂತಿಗೆ ಸೇರಿಸಿದರೆ ಅದು ಮಿಣುಕುತ್ತದೆ, ಕೆಟ್ಟೂ ಹೋಗಬಹುದು. ಬ್ಯಾಟರಿ ಕಡೆಗೆ ಸೇರಿಸಿದರೆ 5-6 ವ್ಯಾಟಿನ ಒಂದು ದೀಪಕ್ಕೆ ತೃಪ್ತಿಪಟ್ಟು ಮುಂದೆ ಹೇಳುವ ಪರೀಕ್ಷೆ ಮಾಡಿಕೊಳ್ಳಬೇಕು.

2017ರ ಏಪ್ರಿಲ್ ನಂತರ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಮುಂದಿನ ದೀಪ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಹಗಲಿನಲ್ಲಿ ಬ್ಯಾಟರಿ ತುಂಬಿಸಿಕೊಳ್ಳಬಹುದೆಂಬ ಲಾಭ ಇವುಗಳಲ್ಲಿ ಕಡಿಮೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಕಾರ್ಬ್ಯುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಇವುಗಳ ಪೆಟ್ರೋಲ್ ಪಂಪು ಮತ್ತು ನಿಯಂತ್ರಣ ಘಟಕ ಎರಡೂ ವಿದ್ಯುತ್ತಿನಿಂದ ನಡೆಯುವುದರಿಂದ ಖಾಯಂ ಖರ್ಚು ಹೆಚ್ಚು. ಬ್ಯಾಟರಿ ತೀರ ಕುಸಿದರೆ ಇವು ಚಾಲೂ ಆಗುವುದೇ ಕಷ್ಟ. ಕಿಕ್ ಇಲ್ಲದ ಬೈಕಾದರಂತೂ ಹೆಚ್ಚು ಎಚ್ಚರ ಬೇಕು.

ವೋಲ್ಟ್ ಮೀಟರಿನ ಪರೀಕ್ಷೆ

ಕಾಗದದ ಲೆಕ್ಕ ದಾರಿ ತೋರಿಸುತ್ತದೆ, ತೀರ್ಪು ಕೊಡುವುದು ಮೀಟರು. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಈ ಕೆಲಸಕ್ಕೆ ಸಾಕು. ಅದನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗಳಿಗೆ ಹಿಡಿಯಬೇಕು.

1. ರಾತ್ರಿಯಿಡೀ ನಿಂತ ಬೈಕಿನಲ್ಲಿ ಬೆಳಿಗ್ಗೆ 12.6 ವೋಲ್ಟ್ ಅಥವಾ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಹೆಚ್ಚು ಕಡಿಮೆ ಅರ್ಧ. 12.0ಕ್ಕೆ ಬಂದರೆ ಕಾಲು ಭಾಗ ಉಳಿದಿದೆ.

2. ಎಂಜಿನ್ ಚಾಲೂ ಮಾಡಿ ಮಧ್ಯಮ ವೇಗಕ್ಕೆ ಏರಿಸಿದಾಗ 13.5 ರಿಂದ 14.5 ವೋಲ್ಟ್ ತೋರಿಸಬೇಕು. ತೋರಿಸದಿದ್ದರೆ ಮೊದಲು ಮ್ಯಾಗ್ನೆಟ್ ಕಾಯಿಲ್ ಮತ್ತು ಆರ್‌ಆರ್ ಯೂನಿಟ್ ಸರಿಪಡಿಸಬೇಕು. 15 ವೋಲ್ಟ್ ದಾಟಿದರೆ ಆರ್‌ಆರ್ ಯೂನಿಟ್ ಕೆಟ್ಟಿದೆ. ಈ ಸ್ಥಿತಿಯಲ್ಲಿ ಹೊಸ ದೀಪದ ಮಾತೇ ಬೇಡ.

3. ಹೊಸ ದೀಪಗಳೂ ಸೇರಿ ಎಲ್ಲ ದೀಪ ಉರಿಸಿ ಅದೇ ವೇಗದಲ್ಲಿ ಐದು ನಿಮಿಷ ಬಿಟ್ಟು ನೋಡಬೇಕು. 13.2 ವೋಲ್ಟಿಗಿಂತ ಮೇಲೆ ನಿಂತರೆ ದೀಪ ಹೊರೆಯಾಗಿಲ್ಲ. 12.8ಕ್ಕಿಂತ ಕೆಳಗೆ ಇಳಿಯುತ್ತಲೇ ಹೋದರೆ ಬ್ಯಾಟರಿ ಬರಿದಾಗುತ್ತಿದೆ. ದೀಪವನ್ನು ಚಿಕ್ಕದು ಮಾಡಬೇಕು.

ಪೆಟ್ಟಿಗೆಯ ಮೇಲೆ ಬರೆದ ವ್ಯಾಟನ್ನು ನಂಬದೆ ದೀಪ ಎಳೆಯುವ ಆಂಪಿಯರನ್ನು ಅಳೆಯುವುದು ಒಳ್ಳೆಯದು. ಮೀಟರನ್ನು 10 ಆಂಪಿಯರ್ ತೂತಿಗೆ ಬದಲಿಸಿ, ದೀಪದ ತಂತಿಯ ನಡುವೆ ಸರಣಿಯಾಗಿ ಸೇರಿಸಿ ಓದಬೇಕು. ಆಮೇಲೆ ಕಡ್ಡಿಯನ್ನು ವೋಲ್ಟಿನ ತೂತಿಗೆ ಮರಳಿ ಹಾಕುವುದನ್ನು ಮರೆಯಬಾರದು. ಆಂಪಿಯರ್ ತೂತಿನಲ್ಲಿದ್ದಾಗಲೇ ಬ್ಯಾಟರಿಯ ಎರಡು ತುದಿಗೆ ಹಿಡಿದರೆ ಮೀಟರು ಸುಟ್ಟುಹೋಗುತ್ತದೆ.

ಜೋಡಿಸುವ ಕ್ರಮ

ಮುಂದಿನ ದೀಪದ ತಂತಿಯನ್ನು ಕತ್ತರಿಸಿ ಅದಕ್ಕೇ ಹೊಸ ದೀಪ ಸುತ್ತುವ ರೂಢಿ ಕೆಲವೆಡೆ ಇದೆ. ಆ ತಂತಿ ಮತ್ತು ಸ್ವಿಚ್ಚನ್ನು ಮೂಲ ದೀಪಕ್ಕೆ ತಕ್ಕಂತೆ ಮಾಡಿರುತ್ತಾರೆ. ಹೊರೆ ಹೆಚ್ಚಾದರೆ ಸ್ವಿಚ್ಚಿನೊಳಗಿನ ತುದಿಗಳು ಸುಟ್ಟು, ಇದ್ದ ದೀಪವೂ ಹೋಗುತ್ತದೆ. 35/35 ವ್ಯಾಟಿನ ಬಲ್ಬಿನ ಜಾಗದಲ್ಲಿ ಕಾರಿನ 60/55 ವ್ಯಾಟಿನ ಬಲ್ಬು ಹಾಕುವುದರಿಂದಲೂ ಹೋಲ್ಡರ್ ಮತ್ತು ಪ್ಲಾಸ್ಟಿಕ್ ಕನ್ನಡಿ ಕರಗುತ್ತವೆ. ಸರಿಯಾದ ಕ್ರಮ ಹೀಗಿದೆ.

1. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಕೆಲಸ ಮುಗಿದ ಮೇಲೆ ಅದನ್ನೇ ಕೊನೆಗೆ ಸೇರಿಸಬೇಕು. ಹೀಗೆ ಮಾಡಿದರೆ ಸ್ಪಾನರ್ ತಾಗಿ ಕಿಡಿ ಏಳುವ ಭಯವಿಲ್ಲ.

2. ಬ್ಯಾಟರಿಯ ಧನ ತುದಿಯಿಂದ ಹೊಸ ತಂತಿ ಎಳೆದು, ಗೇಣುದ್ದದ ಒಳಗೇ ಫ್ಯೂಸ್ ಹಾಕಬೇಕು. 15 ವ್ಯಾಟಿನ ದೀಪಕ್ಕೆ 3 ಆಂಪಿಯರ್, 30 ವ್ಯಾಟಿಗೆ 5 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಹೋದರೆ ಅದರ ಜಾಗದಲ್ಲಿ ತಂತಿಯ ಎಳೆ ಅಥವಾ ಸಿಗರೇಟಿನ ಬೆಳ್ಳಿಕಾಗದ ಸುತ್ತಬಾರದು. ಪೆಟ್ರೋಲ್ ಟ್ಯಾಂಕಿನ ಕೆಳಗೇ ತಂತಿ ಹಾದುಹೋಗುತ್ತದೆ ಎಂಬುದು ನೆನಪಿರಲಿ.

3. ನಾಲ್ಕು ಕಾಲಿನ 12 ವೋಲ್ಟ್ ರಿಲೇ ಬಳಸಬೇಕು. ಫ್ಯೂಸಿನಿಂದ ಬಂದ ತಂತಿ 30ನೆಯ ಕಾಲಿಗೆ, ದೀಪಕ್ಕೆ ಹೋಗುವ ತಂತಿ 87ಕ್ಕೆ, 85 ಬ್ಯಾಟರಿಯ ಋಣ ತುದಿಗೆ. 86ನೆಯ ಕಾಲಿಗೆ ಹೊಸ ಸ್ವಿಚ್ಚಿನಿಂದ ತಂತಿ ಬರಬೇಕು. ಆ ಸ್ವಿಚ್ಚಿಗೆ, ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ತಂತಿಯಿಂದ ಕವಲು ತೆಗೆಯಬೇಕು. ಆಗ ಕೀಲಿ ತೆಗೆದೊಡನೆ ದೀಪವೂ ಆರುತ್ತದೆ, ಮರೆತು ಉಳಿಯುವುದಿಲ್ಲ.

4. ದೀಪದ ತಂತಿ 1 ಚದರ ಮಿಲಿಮೀಟರ್ ದಪ್ಪದ ತಾಮ್ರದ್ದಿರಲಿ. ಹೋಗಿಬರುವ ಉದ್ದ 3 ಮೀಟರ್ ಎಂದರೆ 2.5 ಆಂಪಿಯರಿಗೆ ಅದರಲ್ಲಿ ಸುಮಾರು 0.13 ವೋಲ್ಟ್ ಮಾತ್ರ ನಷ್ಟ. ಮನೆಯ ಗಂಟೆಗೆ ಹಾಕುವಂಥ 0.2 ಚದರ ಮಿಲಿಮೀಟರಿನ ಎಳೆ ತಂತಿಯಲ್ಲಿ ಅರ್ಧ ವೋಲ್ಟಿಗೂ ಹೆಚ್ಚು ಪೋಲಾಗುತ್ತದೆ.

5. ಹ್ಯಾಂಡಲ್ ಪೂರ್ಣ ಎಡಕ್ಕೂ ಬಲಕ್ಕೂ ತಿರುಗಿಸಿ ತಂತಿ ಎಲ್ಲಿಯೂ ಬಿಗಿಯದಂತೆ, ಸೈಲೆನ್ಸರಿಗೆ ತಾಗದಂತೆ ಕಟ್ಟಬೇಕು.

ವಾರಂಟಿ ಇನ್ನೂ ಇರುವ ಬೈಕಿನ ಮೂಲ ವೈರಿಂಗನ್ನು ಕತ್ತರಿಸಿದರೆ ಆ ಸೌಲಭ್ಯ ತಪ್ಪಬಹುದು. ಅಂಥವರು ಮೊದಲು ಸರ್ವಿಸ್ ಕೇಂದ್ರದಲ್ಲಿ ವಿಚಾರಿಸುವುದು ಒಳಿತು.

ದೀಪ ಇಡುವ ಜಾಗ ಮತ್ತು ಕಾನೂನು

ಮಂಜಿನಲ್ಲಿ ಬೆಳಕು ಹೆಚ್ಚಿಸಿದಷ್ಟೂ ದಾರಿ ಹೆಚ್ಚು ಕಾಣುತ್ತದೆ ಎಂಬುದು ಸರಿಯಲ್ಲ. ಮಂಜಿನ ಹನಿಗಳು ಬೆಳಕನ್ನು ಸವಾರನ ಕಣ್ಣಿಗೇ ಹಿಂದಿರುಗಿಸುತ್ತವೆ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟದಲ್ಲಿ ಬ್ರೈಟ್ ಹಾಕಿದವರಿಗೆ ಎದುರು ಬಿಳಿಯ ಗೋಡೆ ನಿಂತಂತೆ ಕಾಣುವುದು ಇದರಿಂದಲೇ. ದೀಪವನ್ನು ಕಣ್ಣಿನ ಮಟ್ಟದಿಂದ ಆದಷ್ಟು ಕೆಳಗೆ, ನೆಲದತ್ತ ಬಾಗಿಸಿ ಇಟ್ಟರೆ ಹಿಂದಿರುಗುವ ಬೆಳಕು ಕಡಿಮೆ, ರಸ್ತೆಯ ಅಂಚು ಸ್ಪಷ್ಟ. ದೀಪದ ಬಣ್ಣಕ್ಕಿಂತ ಅದು ಇರುವ ಜಾಗ ಮುಖ್ಯ.

ಬಾಗಿಸಲು ಒಂದು ಅಳತೆ: ಸಮನಾದ ಅಂಗಳದಲ್ಲಿ ಗೋಡೆಯಿಂದ 8 ಮೀಟರ್ ದೂರ ಬೈಕು ನಿಲ್ಲಿಸಿ ಸವಾರ ಕುಳಿತುಕೊಳ್ಳಬೇಕು. ಹೊಸ ದೀಪ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆಯಬೇಕು. ಬೆಳಕಿನ ಉಜ್ವಲ ಭಾಗ ಆ ಗೆರೆಗಿಂತ ಒಂದು ಗೇಣು ಕೆಳಗೆ ಬೀಳಬೇಕು. ನೆಲದಿಂದ ಅರ್ಧ ಮೀಟರ್ ಎತ್ತರದ ದೀಪ ಹೀಗೆ ಬಾಗಿದರೆ ಅದರ ಬೆಳಕು ಸುಮಾರು 18 ಮೀಟರಿಗೆ ನೆಲ ಮುಟ್ಟುತ್ತದೆ. ಹಿಂದೆ ಭಾರ ಹೇರಿದರೆ ಬೈಕಿನ ಮೂತಿ ಮೇಲೇಳುವುದರಿಂದ, ಹಿಂಡಿಯ ಚೀಲ ಒಯ್ಯುವವರು ಚೀಲ ಹೇರಿಯೇ ಅಳೆಯುವುದು ಒಳ್ಳೆಯದು.

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಪ್ರಕರಣದಂತೆ ವಾಹನವನ್ನು ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾರ್ಪಡಿಸಬಾರದು. ಮುಂದಿನ ಬೆಳಕು ಕೆಳಮುಖವಾಗಿರಬೇಕು, ಎದುರಿನವರ ಕಣ್ಣು ಕುಕ್ಕಬಾರದು ಎಂದೂ, ವಿಶೇಷ ಅನುಮತಿಯಿಲ್ಲದೆ ಮುಂಭಾಗದಲ್ಲಿ ಸ್ಪಾಟ್ ಲೈಟ್ ಇರಬಾರದೆಂದೂ ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಹೇಳುತ್ತವೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈಯಿಂದ ಪ್ರಕರಣ ದಾಖಲಿಸತೊಡಗಿದರು. ಆದ್ದರಿಂದ ದೀಪ ಹಾಕಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಕನ್ನಡಿಯೊಳಗೆ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಬೀಳುವುದನ್ನೂ ಗಮನಿಸಬೇಕು.

ಕಾನೂನು ಬದಿಗಿಟ್ಟರೂ ನೆರೆಹೊರೆಯ ಹಿತವಿದೆ. ಕಿರಿದಾದ ಮಣ್ಣುದಾರಿಯಲ್ಲಿ ಎದುರು ಬರುವವರು ಅದೇ ಊರಿನವರು. ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ತೋಟದ ಕಮರಿ. ಎರಡು ಕ್ಷಣ ಅವರ ಕಣ್ಣು ಕತ್ತಲಿಟ್ಟರೆ ಸಾಕು, ಅನಾಹುತವಾಗುತ್ತದೆ. ಎದುರು ವಾಹನ ಅಥವಾ ಮನುಷ್ಯರು ಕಂಡೊಡನೆ ಹೊಸ ದೀಪ ಆರಿಸುವುದು ಕೈಗೆ ರೂಢಿಯಾಗಬೇಕು. ಸ್ವಿಚ್ ಹೆಬ್ಬೆರಳಿಗೆ ಸಿಗುವಂತಿರಬೇಕು. ಕಡವೆ, ಕಾಡುಕೋಣಗಳು ಬೆಳಕಿಗೆ ಕಣ್ಣು ಕೋರೈಸಿ ದಾರಿಯಲ್ಲೇ ನಿಂತುಬಿಡುವುದುಂಟು. ಆಗಲೂ ಬೆಳಕು ತಗ್ಗಿಸಿ, ದೂರದಲ್ಲೇ ನಿಂತು, ಅವು ಹೋಗುವವರೆಗೆ ಕಾಯಬೇಕು.

ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿ ಜಾರಿಸುವುದು ಎರಡು ಬಗೆಯಲ್ಲಿ ಅಪಾಯ. ಬ್ರೇಕಿನ ಮೇಲೆ ಭಾರ ಬೀಳುತ್ತದೆ, ಜೊತೆಗೆ ಎಂಜಿನ್ ಗುನುಗುವ ವೇಗಕ್ಕೆ ಇಳಿದು ದೀಪಗಳು ಬ್ಯಾಟರಿಯನ್ನು ಹೀರುತ್ತವೆ. ಕೆಳಗಿನ ಗೇರಿನಲ್ಲಿ ಇಳಿದರೆ ಹಿಡಿತವೂ ಇರುತ್ತದೆ, ಚಾರ್ಜೂ ಆಗುತ್ತದೆ.

ನಿಂತ ಬೈಕಿನಿಂದ ಕೊಟ್ಟಿಗೆಗೆ ಬೆಳಕು

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಆಷಾಢದ ರಾತ್ರಿ, ಎರಡು ದಿನದಿಂದ ವಿದ್ಯುತ್ ಇಲ್ಲ. ಕೊಟ್ಟಿಗೆಯಲ್ಲಿ ಚೊಚ್ಚಲ ಹಸು ಕರು ಹಾಕಲು ತಿಣುಕುತ್ತಿದೆ. ಮನೆಯ ಯಜಮಾನರು ಬೈಕನ್ನು ಕೊಟ್ಟಿಗೆಯ ಬಾಗಿಲಿಗೆ ತಂದು, ಎಂಜಿನ್ ನಿಲ್ಲಿಸಿ, 40 ವ್ಯಾಟಿನ ದೀಪ ಹಾಕುತ್ತಾರೆ. ಒಂದು ತಾಸು ಚೆನ್ನಾಗಿ ಬೆಳಕು. ಕರುವಿನ ತಲೆ ತಿರುಗಿದೆ, ಪಶುವೈದ್ಯರನ್ನು ಕರೆತರಲೇಬೇಕು ಎಂದು ಗೊತ್ತಾಗುವ ಹೊತ್ತಿಗೆ 5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 3 ಆಂಪಿಯರ್-ಗಂಟೆಗೂ ಹೆಚ್ಚು ಹೋಗಿದೆ. ಸೆಲ್ಫ್ ಒತ್ತಿದರೆ ಟಕ್ ಟಕ್ ಸದ್ದು ಮಾತ್ರ. ಬೈಕಿಗೆ ಕಿಕ್ ಇಲ್ಲ. ಕೆಸರಿನಲ್ಲಿ ತಳ್ಳಿ ಚಾಲೂ ಮಾಡಲು ಇಳಿಜಾರೂ ಇಲ್ಲ. ಆ ರಾತ್ರಿ ಕಳೆದುಹೋಗುವುದು ಬೆಳಕಲ್ಲ, ಹಸು.

ಆದ್ದರಿಂದ ನಿಂತ ಬೈಕಿನಿಂದ ಬ್ಯಾಟರಿಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂಬ ನಿಯಮವಿಟ್ಟುಕೊಳ್ಳಬೇಕು. 5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು 1.25. 5 ವ್ಯಾಟಿನ ಎಲ್‌ಇಡಿ ಗಂಟೆಗೆ 0.42 ತೆಗೆಯುವುದರಿಂದ 3 ಗಂಟೆ ಉರಿಸಬಹುದು. 15 ವ್ಯಾಟಿನದನ್ನು 1 ಗಂಟೆ ಮಾತ್ರ. ಬ್ಯಾಟರಿ ಹಳತಾಗಿದ್ದರೆ ಇದರಲ್ಲೂ ಅರ್ಧ. ಕರು ಹಾಕಿಸಲು, ಅಡಿಕೆ ಸುಲಿಯುವ ಜಗಲಿಗೆ, 5 ವ್ಯಾಟಿನ ಎಲ್‌ಇಡಿ ಹತ್ತಿರದಲ್ಲಿ ತೂಗಿಹಾಕಿದರೆ ಸಾಕು.

ಹಾಗಾದರೆ ಎಂಜಿನ್ ಚಾಲೂ ಇಟ್ಟೇ ದೀಪ ಉರಿಸೋಣ ಎನ್ನುವವರು ಎರಡು ಮಾತು ತಿಳಿಯಬೇಕು. ಮೊದಲನೆಯದು ಜೀವದ ಪ್ರಶ್ನೆ. ಎಂಜಿನ್ನಿನ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗೆ ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ, ಮನೆಯೊಳಗೆ, ಅಡಿಕೆ ಅಟ್ಟದ ಕೆಳಗೆ ಬೈಕಿನ ಎಂಜಿನ್ ಓಡಿಸಿದರೆ ಜನವೂ ದನವೂ ಎಚ್ಚರ ತಪ್ಪಿ ಸಾಯಬಹುದು. ಎಂದೂ ಓಡಿಸಬಾರದು. ಎರಡನೆಯದು, ಈ ಎಂಜಿನ್ನುಗಳಿಗೆ ಓಡುವಾಗಿನ ಗಾಳಿಯೇ ತಂಪು. ನಿಂತಲ್ಲೇ ಬಹಳ ಹೊತ್ತು ವೇಗ ಏರಿಸಿ ಇಟ್ಟರೆ ಅವು ಕಾದು ಕೆಡುತ್ತವೆ.

ರಾತ್ರಿಯ ಬೆಳಕಿಗೆ ಬೈಕಿಗೆ ಸಂಬಂಧವಿಲ್ಲದ 12 ವೋಲ್ಟ್ 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿಯೊಂದನ್ನು ಮನೆಯಲ್ಲಿಡುವುದು ಹೆಚ್ಚು ಸೂಕ್ತ. ಅದರ ಅರ್ಧವನ್ನು ಬಳಸಿದರೂ 5 ವ್ಯಾಟಿನ ದೀಪ 8 ಗಂಟೆ ಉರಿಯುತ್ತದೆ. ವಿದ್ಯುತ್ ಬಂದಾಗ ಚಾರ್ಜರಿನಿಂದ, ಬಿಸಿಲಿದ್ದಾಗ ಸಣ್ಣ ಸೌರ ಫಲಕದಿಂದ ಅದನ್ನು ತುಂಬಿಸಿಕೊಳ್ಳಬಹುದು. ಬರಿದಾದ ಈ ಬ್ಯಾಟರಿಯನ್ನು ಬೈಕಿನ ಬ್ಯಾಟರಿಗೆ ನೇರ ಸೇರಿಸಿ ತುಂಬಲು ಹೋಗಬಾರದು. ಒಮ್ಮೆಗೇ ಹೆಚ್ಚು ವಿದ್ಯುತ್ ಹರಿದು ತಂತಿ ಕಾಯುತ್ತದೆ, ಬೈಕಿನ ಬ್ಯಾಟರಿಯೂ ಬರಿದಾಗುತ್ತದೆ.

ಮಳೆಗಾಲದ ಆರೈಕೆ

ಮೈಲುತುತ್ತದ ನೀರು ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮನ್ನು ತಿನ್ನುವುದನ್ನು ಔಷಧಿ ಹೊಡೆಯುವವರೆಲ್ಲ ಬಲ್ಲರು. ಔಷಧಿಯ ಡ್ರಮ್ಮು, ಮೈಲುತುತ್ತದ ಚೀಲ ಬೈಕಿನಲ್ಲಿ ಒಯ್ದ ದಿನ ಬ್ಯಾಟರಿ ಪೆಟ್ಟಿಗೆಯ ಸುತ್ತ, ಚಾಸಿಗೆ ಅರ್ಥಿಂಗ್ ಕೊಟ್ಟ ಬೋಲ್ಟಿನ ಸುತ್ತ ಶುದ್ಧ ನೀರಿನಲ್ಲಿ ತೊಳೆದು ಒರೆಸಬೇಕು. ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿಮಾಡಿ ವ್ಯಾಸಲೀನ್ ಸವರಬೇಕು. ತಂತಿಗಳನ್ನು ಬರಿದೆ ತಿರುಚಿ ಟೇಪು ಸುತ್ತಿದ ಜೋಡಣೆ ಒಂದೇ ಮಳೆಗಾಲಕ್ಕೆ ಹಸಿರುಗಟ್ಟುತ್ತದೆ. ನೀರು ಹೊಗದ ಕನೆಕ್ಟರ್ ಹಾಕುವುದು ಲೇಸು. ಕೊಟ್ಟಿಗೆಯಲ್ಲಿ ನಿಲ್ಲಿಸುವ ಬೈಕಿನ ತಂತಿಯನ್ನು ಇಲಿ ಕಡಿಯುವುದುಂಟು. ತಿಂಗಳಿಗೊಮ್ಮೆ ಸೀಟು ಬಿಚ್ಚಿ ನೋಡಬೇಕು. ವಾರಕ್ಕೊಮ್ಮೆ ಬೆಳಿಗ್ಗೆ ಬ್ಯಾಟರಿಯ ವೋಲ್ಟನ್ನು ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ, ಬ್ಯಾಟರಿ ಕೈಕೊಡುವ ಮೊದಲೇ ಸೂಚನೆ ಸಿಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಊರಿನ ಸಭೆಗಳಲ್ಲಿ ಒಂದು ಮಲ್ಟಿಮೀಟರು, ಒಂದು 15 ವ್ಯಾಟಿನ ಎಲ್‌ಇಡಿ ಮತ್ತು ಒಂದು 55 ವ್ಯಾಟಿನ ಹ್ಯಾಲೊಜೆನ್ ದೀಪ ಇಟ್ಟುಕೊಂಡು, ಸಭೆಗೆ ಬಂದವರ ಬೈಕಿನಲ್ಲಿಯೇ ಮೇಲಿನ ಪರೀಕ್ಷೆ ಮಾಡಿ ತೋರಿಸಬಹುದು. ಹ್ಯಾಲೊಜೆನ್ ಹಾಕಿದೊಡನೆ ಮೀಟರಿನ ಮುಳ್ಳೋ ಅಂಕಿಯೋ ಇಳಿಯುವುದನ್ನು ಕಣ್ಣಾರೆ ಕಂಡವರಿಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

ಒಟ್ಟಿನಲ್ಲಿ ನೆನಪಿಡಬೇಕಾದುದು ಇಷ್ಟು. ಕೋಡಿ ಬೀಳುವಷ್ಟನ್ನು ಮಾತ್ರ ದೀಪಕ್ಕೆ ತಿರುಗಿಸಬೇಕು. ಫ್ಯೂಸ್ ಇಲ್ಲದೆ ತಂತಿ ಎಳೆಯಬಾರದು. ಬೆಳಕು ನೆಲ ನೋಡಬೇಕು, ಎದುರಿನವರ ಕಣ್ಣನ್ನಲ್ಲ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಬಾರದು. ಯಾವ ರಾತ್ರಿಯಾದರೂ, ಏನೇ ಕೆಲಸವಿದ್ದರೂ, ಬೈಕನ್ನು ಒಮ್ಮೆ ಚಾಲೂ ಮಾಡಿ ಡಾಂಬರು ರಸ್ತೆ ಸೇರುವಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿರಲೇಬೇಕು.